ಶಾ ಹೇಗೆ ಶೇವಿಯನ್ ಆಯಿತು? ಸರ್‌ನೇಮಿನಿಂದ ಹುಟ್ಟಿದ ಇಂಗ್ಲಿಷ್ ಪದಗಳ ಬೇರು ಹುಡುಕುವ ದಾರಿ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. "ಬರ್ನಾರ್ಡ್ ಶಾ ನಾಟಕಗಳ ಬಗ್ಗೆ ಬರೆಯುವವರು ಶೇವಿಯನ್ ಅನ್ನುತ್ತಾರೆ. ಶಾ ಹೆಸರಲ್ಲಿ ವ ಎಲ್ಲಿದೆ?" ಇನ್ನು ಕೆಲವರು "ಪೇಪರಲ್ಲಿ ನೆಹರೂವಿಯನ್ ಅಂತ ಓದಿದೆ, ಅದರ ನಡುವೆ ವಿ ಯಾಕೆ ಬಂತು?" ಅಂತ ಕೇಳುತ್ತಾರೆ. ಶೇವಿಯನ್‌ಗೂ ಶೇವಿಂಗ್‌ಗೂ ನಂಟಿದೆಯಾ ಅಂತ ಕೇಳಿದವರೂ ಇದ್ದಾರೆ.

ಒಂದೊಂದು ಪದಕ್ಕೆ ಒಂದೊಂದು ಉತ್ತರ ಕೊಡುತ್ತಾ ಹೋದರೆ ಮುಗಿಯುವುದಿಲ್ಲ. ಹುಡುಕುವ ದಾರಿ ಗೊತ್ತಾದರೆ ನೀವೇ ಹುಡುಕಿಕೊಳ್ಳಬಹುದು. ಇಲ್ಲಿ ಶೇವಿಯನ್, ಅಂದರೆ ಶಾ ಅವರ ಧಾಟಿಯ, ಅನ್ನುವ ಪದವನ್ನೇ ಕೈಯಲ್ಲಿ ಹಿಡಿದು, ಹಂತ ಹಂತವಾಗಿ ಅದರ ಬೇರಿನ ತನಕ ಹೋಗೋಣ. ದಾರಿಯಲ್ಲಿ ಎಡವುವ ಜಾಗ ಎಲ್ಲಿ ಅಂತಲೂ ತೋರಿಸುತ್ತೇನೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್ಕು, ಇಂಟರ್ನೆಟ್ ಇರುವ ಫೋನು, ಎರಡು ಮೂರು ನಿಘಂಟು ಸಾಕು. ಮೆರಿಯಂ-ವೆಬ್‌ಸ್ಟರ್ ನಿಘಂಟು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಎಟಿಮಾನ್‌ಲೈನ್ ಕೂಡ ಪುಕ್ಕಟೆ. ಅದು ಪದಗಳ ವ್ಯುತ್ಪತ್ತಿಗೆ, ಅಂದರೆ ಪದ ಎಲ್ಲಿ ಹುಟ್ಟಿತು, ಹೇಗೆ ರೂಪ ಬದಲಿಸಿತು ಎಂಬುದಕ್ಕೆ ಮೀಸಲಾದ ತಾಣ.

ಮೂರನೆಯದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಶಾಲೆಯ ಚೀಲದಲ್ಲಿರುವ ಪುಟ್ಟ ಆಕ್ಸ್‌ಫರ್ಡ್ ಬೇರೆ, ಇದು ಬೇರೆ. ಇದರ ಮೊದಲ ಕಂತು 1884ರಲ್ಲಿ ಬಂತು. ಮೊದಲ ಆವೃತ್ತಿ ಪೂರ್ತಿಯಾಗಿದ್ದು 1928ರಲ್ಲಿ. 1989ರ ಎರಡನೇ ಆವೃತ್ತಿ 20 ಸಂಪುಟ. ಈಗ ಆನ್‌ಲೈನಿನಲ್ಲಿದೆ, ಆದರೆ ಚಂದಾ ಕಟ್ಟಬೇಕು. ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ಲೈಬ್ರರಿ ಚಂದಾ ಕಟ್ಟಿದೆಯಾ ಅಂತ ಒಮ್ಮೆ ವಿಚಾರಿಸಿ. ಪ್ರತಿ ಅರ್ಥದ ಕೆಳಗೂ ಹಳೆಯ ಬರಹಗಳಿಂದ ಎತ್ತಿದ ಸಾಲುಗಳು, ಅವುಗಳ ಇಸವಿ ಇರುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟನ್ನು ತಿರುವಿ ಹಾಕಿದವರಿಗೆ ಈ ಪದ್ಧತಿ ಹೊಸದಲ್ಲ.

ಹಂತ 1: ಪದದ ಬಾಲ ಕತ್ತರಿಸಿ

ಮೊದಲು ಪದವನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಸ್ಪೆಲಿಂಗಿನಲ್ಲೇ ದೊಡ್ಡದಾಗಿ ಬರೆದುಕೊಳ್ಳಿ. ಕೊನೆಯ ಪ್ರತ್ಯಯಕ್ಕೆ, ಅಂದರೆ ಪದದ ಹಿಂದೆ ಅಂಟಿಕೊಂಡ ತುಂಡಿಗೆ, ಒಂದು ಗೆರೆ ಎಳೆಯಿರಿ.

ಹೆಸರನ್ನು ವಿಶೇಷಣ ಮಾಡುವ ಬಾಲಗಳು ಇಂಗ್ಲಿಷಿನಲ್ಲಿ ಕೆಲವೇ. ಎಲ್ಲಕ್ಕಿಂತ ಜಾಸ್ತಿ ಕಾಣುವುದು "ಇಯನ್". ಡಾರ್ವಿನಿಯನ್, ಡಿಕೆನ್ಸಿಯನ್, ಗಾಂಧಿಯನ್ ಎಲ್ಲ ಈ ಗುಂಪು. ಇದರ ಮೂಲ ಲ್ಯಾಟಿನ್. "ಎಸ್ಕ್" ಅನ್ನೋ ಬಾಲ ಇಟಾಲಿಯನ್ನಿನಿಂದ ಫ್ರೆಂಚಿಗೆ ಹಾಯ್ದು ಬಂದದ್ದು. ಅದು "ಅವರ ಶೈಲಿಯ" ಅನ್ನುವ ಅರ್ಥ ಕೊಡುತ್ತದೆ. ಕಾಫ್ಕಾಎಸ್ಕ್ ಇದಕ್ಕೆ ಉದಾಹರಣೆ. "ಇಕ್" ಅನ್ನೋದು ವಿಜ್ಞಾನದ ಕಡೆ ಜಾಸ್ತಿ. ಗ್ಯಾಲ್ವನಿ ಹೆಸರಿಂದ ಗ್ಯಾಲ್ವಾನಿಕ್, ವೋಲ್ಟಾ ಹೆಸರಿಂದ ವೋಲ್ಟಾಯಿಕ್.

ಶೇವಿಯನ್‌ನಿಂದ "ಇಯನ್" ತೆಗೆದರೆ ಎಸ್-ಎಚ್-ಎ-ವಿ ಉಳಿಯುತ್ತದೆ. ಶೇವ್! ಇಲ್ಲೇ ಮೊದಲ ಗುಂಡಿ ಇರುವುದು. ಉಳಿದ ತುಂಡು ಗೊತ್ತಿರುವ ಪದದ ಹಾಗೆ ಕಂಡಿತು ಅಂತ ಅದಕ್ಕೇ ಗಂಟು ಹಾಕಬೇಡಿ. ಗಡ್ಡ ಬೋಳಿಸುವ ಶೇವ್ ಹಳೆಯ ಇಂಗ್ಲಿಷಿನ ಸ್ವಂತ ಕ್ರಿಯಾಪದ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಉಳಿದ ತುಂಡನ್ನು ಬರೆದಿಟ್ಟುಕೊಂಡು ಸುಮ್ನೆ ಮುಂದಕ್ಕೆ ಹೋಗಿ.

ಬಾಲವೇ ಇಲ್ಲದ ಪದಗಳೂ ಇವೆ. ಮ್ಯಾವರಿಕ್ ಅಂಥದ್ದು. ಅದರ ವಿಷಯ ಮುಂದೆ ಬರುತ್ತದೆ.

ಹಂತ 2: ಅದು ನಿಜವಾಗಿ ಸರ್‌ನೇಮಾ?

ವ್ಯಕ್ತಿಯ ಹೆಸರಿಂದ ಬಂದ ಪದಕ್ಕೆ ಎಪೊನಿಮ್ ಅನ್ನುತ್ತಾರೆ. ಎಪೊನಿಮ್ ಅಂದಕೂಡಲೇ ಸರ್‌ನೇಮ್ ಅಂತ ತಿಳಿಯಬಾರದು. ವಿಕ್ಟೋರಿಯನ್ ಅನ್ನೋ ಪದ ವಿಕ್ಟೋರಿಯಾ ರಾಣಿಯ ಸ್ವಂತ ಹೆಸರಿಂದ ಬಂತು. ನೆಪೋಲಿಯಾನಿಕ್ ಅನ್ನೋದೂ ಅಷ್ಟೇ, ನೆಪೋಲಿಯನ್ ಸ್ವಂತ ಹೆಸರು, ಮನೆತನದ ಹೆಸರು ಬೊನಪಾರ್ಟೆ. ಕಠೋರ ಕಾನೂನಿಗೆ ಪೇಪರಿನವರು ಬಳಸುವ ಡ್ರಕೋನಿಯನ್ ಪದದ ಹಿಂದಿರುವುದು ಅಥೆನ್ಸಿನ ಡ್ರೇಕೋ. ಕ್ರಿಸ್ತಪೂರ್ವ 7ನೇ ಶತಮಾನದಲ್ಲಿ ಕಾನೂನು ಬರೆಸಿದವನು. ಅವನಿಗೆ ಇದ್ದದ್ದೇ ಒಂದು ಹೆಸರು.

ತುಂಬಾ ಜನ ಎಡವುವುದು ಆರ್ವೆಲಿಯನ್ ಪದದಲ್ಲಿ. ಜಾರ್ಜ್ ಆರ್ವೆಲ್ ಅನ್ನೋದು ಒಬ್ಬ ಇಂಗ್ಲಿಷ್ ಲೇಖಕ ಕಾವ್ಯನಾಮದ ಥರ ಇಟ್ಟುಕೊಂಡ ಹೆಸರು. ಹುಟ್ಟಿದ್ದು 1903ರಲ್ಲಿ, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಆರ್ವೆಲ್ ಅನ್ನೋದು ಇಂಗ್ಲೆಂಡಿನ ಸಫೋಕ್‌ನಲ್ಲಿ ಹರಿಯುವ ಒಂದು ನದಿ. ಹಾಗಾಗಿ ಆರ್ವೆಲಿಯನ್ ಬೇರನ್ನು ಅಗೆದರೆ ಸಿಗುವುದು ಹೊಳೆ, ಮನೆತನವಲ್ಲ.

ಶಾ ಮಾತ್ರ ಸಾಚಾ ಸರ್‌ನೇಮು. ಜಾರ್ಜ್ ಬರ್ನಾರ್ಡ್ ಶಾ 1856ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದರು, 1950ರಲ್ಲಿ ತೀರಿಕೊಂಡರು. ಸರ್‌ನೇಮ್ ಅಂತ ಖಾತ್ರಿಯಾದ ಮೇಲೆ ಇನ್ನೊಂದು ಮೆಟ್ಟಿಲು ಇಳಿಯಿರಿ, ಆ ಸರ್‌ನೇಮಿಗೂ ಒಂದು ಅರ್ಥ ಇರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಶಾ ಅಂದರೆ ಸಣ್ಣ ಕಾಡು, ತೋಪು. ತೋಪಿನ ಪಕ್ಕ ಮನೆ ಮಾಡಿಕೊಂಡವರಿಗೆ ಆ ಹೆಸರು ಅಂಟಿಕೊಂಡಿತು. ನಮ್ಮಲ್ಲೂ ತೋಟದಮನೆ, ಕೆರೆಮನೆ ಅಂತ ಮನೆತನಗಳಿಲ್ವಾ, ಹಾಗೆ.

ಹಂತ 3: ಲ್ಯಾಟಿನ್ ಬಟ್ಟೆ ತೊಟ್ಟಿದೆಯಾ ನೋಡಿ

ಶೇವಿಯನ್ ಕಥೆಯ ಜೀವ ಇರುವುದೇ ಇಲ್ಲಿ. ಆತುರ ಬೇಡ, ನಿಧಾನವಾಗಿ ಓದಿ.

ಮೆರಿಯಂ-ವೆಬ್‌ಸ್ಟರ್‌ನಲ್ಲಿ ಶೇವಿಯನ್ ಪದ ತೆಗೆದು ಕೆಳಗೆ ವ್ಯುತ್ಪತ್ತಿಯ ಭಾಗಕ್ಕೆ ಹೋಗಿ. ಒಂದೇ ಸಾಲು ಇರುತ್ತದೆ. ಪದ ಬಂದದ್ದು ಹೊಸ ಲ್ಯಾಟಿನ್ನಿನ "ಶೇವಿಯಸ್" ಎಂಬ ರೂಪದಿಂದ, ಆ ರೂಪ ಬಂದದ್ದು ಬರ್ನಾರ್ಡ್ ಶಾ ಹೆಸರಿಂದ ಅಂತ ಅದರ ಸಾರ. ಹೊಸ ಲ್ಯಾಟಿನ್ ಅಂದರೆ ರೋಮನ್ನರ ಕಾಲದ್ದಲ್ಲ. ಯುರೋಪಿನ ಪಂಡಿತರು ಮತ್ತು ವಿಜ್ಞಾನಿಗಳು ಸುಮಾರು 15ನೇ ಶತಮಾನದಿಂದ ಈಚೆಗೆ ಬಳಸಿದ ಲ್ಯಾಟಿನ್.

ಆ ಪಂಡಿತರಿಗೆ ಒಂದು ರೂಢಿ ಇತ್ತು. ಲ್ಯಾಟಿನ್ನಿನಲ್ಲಿ ಬರೆಯುವಾಗ ತಮ್ಮ ಹೆಸರಿಗೂ ಲ್ಯಾಟಿನ್ ರೂಪ ಕೊಡುತ್ತಿದ್ದರು. ಫ್ರಾನ್ಸಿನ ರೆನೆ ಡೆಕಾರ್ಟ್ ಲ್ಯಾಟಿನ್ನಿನಲ್ಲಿ ರೆನಾಟಸ್ ಕಾರ್ಟೀಸಿಯಸ್. ಹೆಸರಿನ ಮುಂದಿದ್ದ "ಡೆ" ಉದುರಿಹೋಯಿತು. ಪಿಯುಸಿ ಗಣಿತದಲ್ಲಿ ಓದಿದ ಕಾರ್ಟೀಸಿಯನ್ ಅಕ್ಷಗಳು ನೆನಪಿವೆಯಾ? ಎಕ್ಸ್, ವೈ ಗೆರೆ ಎಳೆದು ಬಿಂದು ಗುರುತಿಸುತ್ತಿದ್ದೆವಲ್ಲ, ಆ ಪದ ಹುಟ್ಟಿದ್ದು ಹೀಗೆ. ಡೆಕಾರ್ಟ್ ಅಂತ ಗೊತ್ತಿಲ್ಲದೆ ಕಾರ್ಟೀಸಿಯನ್ ಬೇರು ಹುಡುಕಿದರೆ ದಾರಿ ತಪ್ಪುವುದು ಗ್ಯಾರಂಟಿ.

ಈಗ ಶಾ ಹೆಸರಿಗೆ ಇದೇ ರೀತಿ ಮಾಡಿ ನೋಡೋಣ. ಸ್ಪೆಲಿಂಗು ಎಸ್-ಎಚ್-ಎ-ಡಬ್ಲ್ಯು. ಹಳೆಯ ಲ್ಯಾಟಿನ್ ಅಕ್ಷರಮಾಲೆಯಲ್ಲಿ ಡಬ್ಲ್ಯು ಇರಲಿಲ್ಲ. ಯು ಮತ್ತು ವಿ ಎರಡಕ್ಕೂ ಒಂದೇ ಅಕ್ಷರ ಇತ್ತು. ಹಾಗಾಗಿ ಹೆಸರಿನಲ್ಲಿ ಡಬ್ಲ್ಯು ಬಂದರೆ ಅದರ ಜಾಗದಲ್ಲಿ ವಿ ಕೂರುತ್ತದೆ. ಅದಕ್ಕೆ "ಇಯಸ್" ಸೇರಿಸಿದರೆ ಶೇವಿಯಸ್. "ಇಯಸ್" ತೆಗೆದು "ಇಯನ್" ಹಾಕಿದರೆ ಶೇವಿಯನ್. ಅಷ್ಟೇ. ಎಲ್ಲಿಂದಲೋ ವ ಬಂದು ಸೇರಿಲ್ಲ. ಹೆಸರಲ್ಲೇ ಮಾತಾಡದೆ ಕೂತಿದ್ದ ಡಬ್ಲ್ಯು ವೇಷ ಬದಲಿಸಿ ಮಾತಾಡಿತು.

ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ ಹೆಸರಿಂದ ಮಾರ್ಲೋವಿಯನ್ ಬಂದದ್ದೂ ಇದೇ ದಾರಿಯಲ್ಲಿ. ಶಾಇಯನ್ ಅಂತಲೂ ಕೆಲವರು ಬರೆದು ನೋಡಿದ್ದರು. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ನಡುವೆ ಬಾಯಿ ತೆರೆದುಕೊಂಡೇ ಇರುತ್ತದೆ. ಅದು ನೆಲೆ ನಿಲ್ಲಲಿಲ್ಲ.

ಈ ಬಾಯಿ ತೆರೆದುಕೊಳ್ಳುವ ತೊಂದರೆ ಕನ್ನಡದವರಿಗೆ ಚೆನ್ನಾಗಿ ಗೊತ್ತು. ಸ್ಕೂಲಿನಲ್ಲಿ ಕಲಿತ ಆಗಮ ಸಂಧಿ ನೆನಪಿಸಿಕೊಳ್ಳಿ. ಗುರು ಮತ್ತು ಅನ್ನು ಸೇರಿದರೆ ಗುರುವನ್ನು. ಮಗು ಮತ್ತು ಇಗೆ ಸೇರಿದರೆ ಮಗುವಿಗೆ. ಎರಡು ಸ್ವರ ಮುಖಾಮುಖಿ ಆದಾಗ ನಡುವೆ ವ ಬಂದು ಕೂರುತ್ತದೆ. ಕೆರೆಯನ್ನು ಅನ್ನುವಾಗ ಯ ಬರುತ್ತದೆ. ನೆಹರೂವಿಯನ್ ಪದದ ವ ಮಾಡುವ ಕೆಲಸವೂ ಇದೇ. ನೆಹರೂ ಹೆಸರು ಊ ಸ್ವರದಲ್ಲಿ ಮುಗಿಯುತ್ತದೆ, "ಇಯನ್" ಇ ಸ್ವರದಿಂದ ಶುರುವಾಗುತ್ತದೆ. ನಡುವಿನ ಸಂದನ್ನು ತುಂಬಲು ವ ಬೇಕಾಯಿತು. ಪೆರು ದೇಶದವರಿಗೆ ಪೆರುವಿಯನ್ ಅನ್ನುವ ಹಳೆಯ ಅಚ್ಚು ಇಂಗ್ಲಿಷಿನಲ್ಲಿ ಮೊದಲೇ ಇತ್ತು.

ಎಚ್ಚರ: ಎರಡು ಪದದಲ್ಲೂ ವ ಕಂಡಿತು ಅಂತ ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಶೇವಿಯನ್ ಪದದ ವ ಹೆಸರಲ್ಲಿದ್ದ ಡಬ್ಲ್ಯು ಅಕ್ಷರದ್ದು. ನೆಹರೂವಿಯನ್ ಪದದ ವ ಸಂದು ತುಂಬಲು ಹೊರಗಿನಿಂದ ಬಂದದ್ದು. ಕನ್ನಡದ ಸಂಧಿ ನಿಯಮ ಇಂಗ್ಲಿಷಿಗೆ ಹೋಯಿತು ಅಂತಲೂ ಹೇಳಬೇಡಿ. ಎರಡು ಭಾಷೆಯ ನಾಲಿಗೆಗೂ ಒಂದೇ ತೊಡಕು ಎದುರಾಯಿತು, ಎರಡೂ ಒಂದೇ ಥರದ ಉಪಾಯ ಕಂಡುಕೊಂಡವು.

ಹಂತ 4: ಉಚ್ಚಾರ ಯಾಕೆ ಬದಲಾಯಿತು ಅಂತ ಕೇಳಿ

ಹೆಸರು ಶಾ. ವಿಶೇಷಣ ಶಾವಿಯನ್ ಆಗಬೇಕಿತ್ತಲ್ವಾ? ಶೇ ಹೇಗೆ?

ಇಂಗ್ಲಿಷಿನಲ್ಲಿ ಎ ಅಕ್ಷರದ ಮುಂದೆ ಒಂದೇ ಒಂದು ವ್ಯಂಜನ, ಆಮೇಲೆ ಐ ಅಕ್ಷರ, ಅದರ ಮುಂದೆ ಇನ್ನೊಂದು ಸ್ವರ ಬಂದರೆ ಆ ಎ ಸಾಮಾನ್ಯವಾಗಿ ಉದ್ದವಾಗಿ "ಏ" ಅಂತ ಕೇಳಿಸುತ್ತದೆ. ಕೆನಡಾ ಇದ್ದದ್ದು ಕೆನೇಡಿಯನ್ ಆಗುವುದು, ಅರಬ್ ಇದ್ದದ್ದು ಅರೇಬಿಯನ್ ಆಗುವುದು ಇದರಿಂದಲೇ. ಓ ಅಕ್ಷರಕ್ಕೂ ಹೀಗೇ. ನ್ಯೂಟನ್ ಹೋಗಿ ನ್ಯೂಟೋನಿಯನ್ ಆಗುತ್ತದೆ. ಇಟಾಲಿಯನ್ ಥರ ಈ ನಿಯಮಕ್ಕೆ ಬಗ್ಗದ ಪದಗಳೂ ಇವೆ. ಶೇವಿಯನ್ ಮಾತ್ರ ನಿಯಮದ ಒಳಗೇ ಬರುತ್ತದೆ.

ಉಚ್ಚಾರವನ್ನು ಊಹೆ ಮಾಡಬೇಡಿ. ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ, ಹೆಸರು ಮತ್ತು ವಿಶೇಷಣ ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಹಂತ 5: ಮೊದಲ ಬಳಕೆಯ ಇಸವಿ ಹುಡುಕಿ

ನಿಘಂಟು ಕೊಡುವ ಇಸವಿ ಪದ ಹುಟ್ಟಿದ ದಿನಾಂಕ ಅಂತ ತಿಳಿಯಬೇಡಿ. ಇಲ್ಲಿಯವರೆಗೆ ಸಿಕ್ಕಿರುವ ಅತಿ ಹಳೆಯ ಬರಹದ ಇಸವಿ ಅದು. ಜನರ ಬಾಯಲ್ಲಿ ಪದ ಅದಕ್ಕೂ ಮುಂಚೆ ಓಡಾಡಿರಬಹುದು. ನಾಳೆ ಯಾರಿಗಾದರೂ ಹಳೆಯ ಪತ್ರಿಕೆಯೊಂದರಲ್ಲಿ ಇನ್ನೂ ಮುಂಚಿನ ಸಾಲು ಸಿಕ್ಕರೆ ಇಸವಿ ಹಿಂದಕ್ಕೆ ಸರಿಯುತ್ತದೆ.

ಗೂಗಲ್ ಬುಕ್ಸ್ ಅಥವಾ ಇಂಟರ್ನೆಟ್ ಆರ್ಕೈವ್‌ನಲ್ಲಿ ನೀವೂ ಹುಡುಕಬಹುದು. ಹುಡುಕುವಾಗ ಮೂರು ಕಡೆ ಹುಷಾರಾಗಿರಿ.

ಒಂದು, ಹಳೆಯ ಪುಸ್ತಕದ ಫೋಟೋ ತೆಗೆದು ಅಕ್ಷರ ಗುರುತಿಸುವ ಕೆಲಸ ಕಂಪ್ಯೂಟರಿನದು. ಮಸುಕಾದ ಅಚ್ಚನ್ನು ಅದು ತಪ್ಪಾಗಿ ಓದುತ್ತದೆ. ಪುಟದ ಚಿತ್ರವನ್ನು ತೆರೆದು, ಕಣ್ಣಾರೆ ಪದ ನೋಡದೆ ನಂಬಬೇಡಿ. ಎರಡು, ವರ್ಷಗಟ್ಟಲೆ ನಡೆದ ಪತ್ರಿಕೆಯ ಎಲ್ಲ ಸಂಪುಟಕ್ಕೂ ಮೊದಲ ಸಂಪುಟದ ಇಸವಿಯನ್ನೇ ಹಾಕಿರುವುದು ಉಂಟು. 1830ರ ಬರಹದಲ್ಲಿ ಶೇವಿಯನ್ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಆ ಸಂಪುಟದ ಮುಖಪುಟ ನೋಡಿ. ಶಾ ಹುಟ್ಟುವುದಕ್ಕಿಂತ 26 ವರ್ಷ ಮೊದಲೇ ಆ ಪದ ಅವರ ಬಗ್ಗೆ ಬರಲು ಸಾಧ್ಯವೇ ಇಲ್ಲ.

ಮೂರನೆಯದು ಈ ಪದಕ್ಕೇ ಸಂಬಂಧಿಸಿದ್ದು. ಸುಮ್ನೆ ಶೇವಿಯನ್ ಅಂತ ಟೈಪ್ ಮಾಡಿದರೆ ಒಂದು ಲಿಪಿಯ ವಿಷಯ ರಾಶಿ ರಾಶಿ ಬರುತ್ತದೆ. ಫೋನು, ಕಂಪ್ಯೂಟರುಗಳ ಫಾಂಟ್ ಪಟ್ಟಿಯಲ್ಲೂ ಈ ಹೆಸರು ಕಾಣಿಸಬಹುದು. ಇದೂ ಶಾ ಅವರದೇ ಋಣ. ಇಂಗ್ಲಿಷಿನ ಸ್ಪೆಲಿಂಗು ಅವರಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಒಂದು ಧ್ವನಿಗೆ ಒಂದು ಅಕ್ಷರ ಇರುವ ಹೊಸ ಲಿಪಿ ಮಾಡಿಸಿ ಅಂತ ಉಯಿಲಿನಲ್ಲಿ ಹಣ ಇಟ್ಟು ಹೋದರು. ಅದು ಕೋರ್ಟಿನವರೆಗೂ ಹೋಗಿ ರಾಜಿಯಲ್ಲಿ ಮುಗಿಯಿತು. ಕೊನೆಗೆ ಕಿಂಗ್ಸ್ಲಿ ರೀಡ್ ಅನ್ನುವವರ ವಿನ್ಯಾಸದ ಲಿಪಿ ಸಿದ್ಧವಾಯಿತು. 1962ರಲ್ಲಿ ಶಾ ಅವರದೇ ನಾಟಕ ಒಂದು ಪುಟದಲ್ಲಿ ಮಾಮೂಲಿ ಇಂಗ್ಲಿಷ್ ಲಿಪಿ, ಎದುರು ಪುಟದಲ್ಲಿ ಈ ಹೊಸ ಲಿಪಿ ಇಟ್ಟುಕೊಂಡು ಅಚ್ಚಾಯಿತು. 2003ರಲ್ಲಿ ಯೂನಿಕೋಡ್‌ಗೂ, ಅಂದರೆ ಕಂಪ್ಯೂಟರುಗಳು ಬಳಸುವ ಎಲ್ಲ ಲಿಪಿಗಳ ಅಕ್ಷರಪಟ್ಟಿಗೂ, ಸೇರಿತು. ಹೇಳಿದಂತೆ ಬರೆಯುವ, ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವರಿಗೆ ಶಾ ಅವರ ಸಂಕಟ ಬೇಗ ಅರ್ಥವಾಗುತ್ತದೆ. ನಿಮಗೆ ಬೇಕಿರುವುದು ವಿಶೇಷಣದ ಚರಿತ್ರೆ ಆದರೆ, ಹುಡುಕುವಾಗ ಜೊತೆಗೆ "ವಿಟ್" ಅಥವಾ "ಡ್ರಾಮಾ" ಅನ್ನುವ ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿ.

ಹಂತ 6: ಹುಟ್ಟಿನ ಕಥೆಗಳನ್ನು ಒರೆಗೆ ಹಚ್ಚಿ

ಹೆಸರಿನ ಪದಗಳಿಗೆ ಕಥೆ ಅಂಟಿಕೊಳ್ಳುವುದು ಜಾಸ್ತಿ. ಶೇವಿಯನ್ ಬಗ್ಗೆಯೂ ಒಂದಿದೆ. ಶಾ ಗೆಳೆಯ ವಿಲಿಯಂ ಮಾರಿಸ್ ಅವರಿಗೆ ಮಧ್ಯಯುಗದ ಒಂದು ಹಸ್ತಪ್ರತಿಯ ಅಂಚಿನಲ್ಲಿ "ಶೇವಿಯಸ್ ಹೀಗೆ ಹೇಳಿದ್ದಾನೆ, ಆದರೆ ಪೆದ್ದುಪೆದ್ದಾಗಿ" ಎಂಬ ಲ್ಯಾಟಿನ್ ಟಿಪ್ಪಣಿ ಸಿಕ್ಕಿತಂತೆ. ಆ ಹಸ್ತಪ್ರತಿ ಬರೆದವನು ಶಾ ಎಂಬ ಇನ್ನೊಬ್ಬನಂತೆ. ಅಲ್ಲಿಂದ ಪದ ಹುಟ್ಟಿತು ಅನ್ನುತ್ತಾರೆ. ಕೇಳಲು ತುಂಬಾ ಚೆನ್ನಾಗಿದೆ. ಆದರೆ 3ನೇ ಹಂತದಲ್ಲಿ ನೋಡಿದ ಹಾಗೆ, ಈ ಕಥೆ ಇಲ್ಲದೆಯೂ ಪದದ ರೂಪವನ್ನು ವಿವರಿಸಬಹುದು. ಅಂಥ ಕಥೆಯನ್ನು "ಅಂತೆ" ಸೇರಿಸಿಯೇ ಬರೆಯಿರಿ.

ಮ್ಯಾವರಿಕ್ ಪದಕ್ಕಂತೂ ಕಥೆಗಳ ಸಂತೆಯೇ ಇದೆ. ಸ್ಯಾಮ್ಯುಯೆಲ್ ಮ್ಯಾವರಿಕ್ ಅಮೆರಿಕದ ಟೆಕ್ಸಸ್‌ನ ವಕೀಲ, ದೊಡ್ಡ ಜಮೀನುದಾರ. 1803ರಲ್ಲಿ ಹುಟ್ಟಿ 1870ರಲ್ಲಿ ತೀರಿಕೊಂಡ. ಸಾಲದ ಬಾಬ್ತಿಗೆ ಅವನಿಗೆ ಸುಮಾರು 400 ದನ ಬಂದವು. ಅಲ್ಲಿ ದನಗಳಿಗೆ ಕಾದ ಕಬ್ಬಿಣದಿಂದ ಮಾಲೀಕನ ಮುದ್ರೆ ಒತ್ತುವ ಪದ್ಧತಿ. ಇವನ ಕರುಗಳು ಮುದ್ರೆ ಇಲ್ಲದೆ ಅಲೆದವು. ಮುದ್ರೆ ಇಲ್ಲದ ಕರು ಕಂಡರೆ "ಅದು ಮ್ಯಾವರಿಕ್‌ದು" ಅನ್ನುವುದು ರೂಢಿಯಾಯಿತು. 1867ರ ಹೊತ್ತಿಗೆ ಮುದ್ರೆ ಇಲ್ಲದ ದನಕ್ಕೇ ಮ್ಯಾವರಿಕ್ ಅಂತ ಹೆಸರು ಬಿದ್ದಿತ್ತು. ಆಮೇಲೆ ಯಾರ ಗುಂಪಿಗೂ ಸೇರದ, ತನ್ನ ದಾರಿಯಲ್ಲೇ ನಡೆಯುವ ಮನುಷ್ಯನಿಗೂ ಅದೇ ಪದ ಬಂತು.

ಇಷ್ಟು ಗಟ್ಟಿ. ಅವನು ಯಾಕೆ ಮುದ್ರೆ ಒತ್ತಿಸಲಿಲ್ಲ ಅನ್ನುವುದಕ್ಕೆ ಮಾತ್ರ ಹತ್ತು ಬಾಯಿಗೆ ಹತ್ತು ಕಾರಣ. ಕರುಣೆ ಅನ್ನುವವರಿದ್ದಾರೆ, ಮುದ್ರೆ ಇಲ್ಲದ್ದೆಲ್ಲ ತನ್ನದೇ ಅನ್ನುವ ಜಾಣತನ ಅನ್ನುವವರೂ ಇದ್ದಾರೆ. ದನ ಸಾಕುವುದರಲ್ಲಿ ಅವನಿಗೆ ಆಸಕ್ತಿಯೇ ಕಮ್ಮಿ ಇತ್ತು, ಜಮೀನಿನ ಮೇಲೇ ಕಣ್ಣು ಅನ್ನುವುದು ನನಗೆ ಒಪ್ಪಿಗೆಯಾಗುವ ಮಾತು. ಬೇರು ಹುಡುಕುವವರು ಏನು ನಡೆಯಿತು ಎನ್ನುವುದನ್ನೂ ಯಾಕೆ ನಡೆಯಿತು ಎನ್ನುವುದನ್ನೂ ಬೇರೆ ಬೇರೆ ಪುಟದಲ್ಲಿ ಬರೆದುಕೊಳ್ಳಬೇಕು. ಇದೇ ಮನೆತನದ ಮೊಮ್ಮಗ ಮೋರಿ ಮ್ಯಾವರಿಕ್ 1944ರಲ್ಲಿ ಸರ್ಕಾರಿ ಕಡತಗಳ ಅರ್ಥವಾಗದ ಭಾಷೆಗೆ ಗಾಬಲ್ಡಿಗೂಕ್ ಅನ್ನುವ ಪದ ಕಟ್ಟಿದರು. ಒಂದೇ ಮನೆಯಿಂದ ಇಂಗ್ಲಿಷಿಗೆ ಎರಡು ಪದ!

ಹಂತ 7: ವ್ಯಕ್ತಿಯ ಯಾವ ಗುಣವನ್ನು ಪದ ಎತ್ತಿಕೊಂಡಿದೆ?

ಶಾ ನಾಟಕ ಬರೆದರು, ಸಂಗೀತ ವಿಮರ್ಶೆ ಬರೆದರು, ಸಮಾಜವಾದದ ಭಾಷಣ ಮಾಡಿದರು, ಮಾಂಸ ಮುಟ್ಟುತ್ತಿರಲಿಲ್ಲ. ಶೇವಿಯನ್ ಅನ್ನುವಾಗ ಇದೆಲ್ಲ ಬರುವುದಿಲ್ಲ. ಎಲ್ಲರೂ ಒಪ್ಪಿದ ಮಾತನ್ನು ತಲೆಕೆಳಗು ಮಾಡಿ, ನಗಿಸುತ್ತಲೇ ಕುಟುಕುವ ಚುರುಕು ಮಾತು ಮುಖ್ಯವಾಗಿ ಬರುತ್ತದೆ.

ಇಲ್ಲಿಯ ಗುಂಡಿ ಆರ್ವೆಲಿಯನ್. ಸರ್ಕಾರ ಜನರ ಮೇಲೆ ಸದಾ ಕಣ್ಣಿಟ್ಟಿರುವುದು, ಸುಳ್ಳನ್ನೇ ಸತ್ಯ ಅಂತ ಹೇಳಿಸುವುದು ಇದರ ಅರ್ಥ. ಆರ್ವೆಲ್ ಅದನ್ನು ಜೀವಮಾನವಿಡೀ ವಿರೋಧಿಸಿದವರು. ಗಾಂಧಿಯನ್ ಅಂದರೆ ಗಾಂಧೀಜಿ ನಂಬಿದ್ದು, ಆರ್ವೆಲಿಯನ್ ಅಂದರೆ ಆರ್ವೆಲ್ ಹೆದರಿದ್ದು. ಬಾಲ ಒಂದೇ, ದಿಕ್ಕು ಎದುರುಬದುರು. ವಾಕ್ಯದಲ್ಲಿಟ್ಟು ನೋಡದೆ ಅರ್ಥ ಬರೆಯಬೇಡಿ.

ಹಂತ 8: ಕನ್ನಡಕ್ಕೆ ತರುವಾಗ

ಅನುವಾದ ಮಾಡುವವರು ಇದನ್ನು ಕೇಳುತ್ತಿರುತ್ತಾರೆ. ಶೇವಿಯನ್ ವಿಟ್ ಅಂತ ಹಾಗೇ ಬಿಟ್ಟರೆ ಓದುವವರಿಗೆ ಏನೂ ಸಿಗುವುದಿಲ್ಲ. "ಬರ್ನಾರ್ಡ್ ಶಾ ಧಾಟಿಯ ಕುಟುಕು ಮಾತು" ಅನ್ನಿ. ಕೈಲಾಸಂ ಧಾಟಿಯ ಜೋಕು ಅಂತ ನಾವು ಹೇಳುವುದಿಲ್ವಾ? ಧಾಟಿ, ಶೈಲಿ, ಛಾಪು, ಥರ ಎಲ್ಲವೂ "ಇಯನ್" ಮಾಡುವ ಕೆಲಸವನ್ನು ಮಾಡುತ್ತವೆ. ತತ್ವದ ವಿಷಯ ಬಂದಾಗ ಗಾಂಧಿವಾದಿ, ಮಾರ್ಕ್ಸ್‌ವಾದಿ ಇದ್ದೇ ಇದೆ. ಆರ್ವೆಲಿಯನ್ ಬಂದರೆ "ಆರ್ವೆಲ್ ಧಾಟಿಯ" ಅಂತ ಬರೆದರೆ ತಪ್ಪು ಅರ್ಥ ಹೋಗುತ್ತದೆ. "ಆರ್ವೆಲ್ ಎಚ್ಚರಿಸಿದ್ದಂಥ" ಅನ್ನುವುದು ಸರಿ.

ನೀವೇ ಮಾಡಿ ನೋಡಿ

ಮೂರು ಪದ ಕೊಡುತ್ತೇನೆ. ಮೂರರಲ್ಲೂ ವ ಇದೆ, ಮೂರರ ಬೇರೂ ಬೇರೆ ಬೇರೆ.

ಮೊದಲನೆಯದು ಥೋರೋವಿಯನ್. ಅಮೆರಿಕದ ಲೇಖಕ ಥೋರೋ ಹೆಸರಿನ ಸ್ಪೆಲಿಂಗ್ ಬರೆದುಕೊಂಡು, ಕೊನೆಯ ಅಕ್ಷರದ ಮೇಲೆ ಕಣ್ಣಿಡಿ. ಯು ಮತ್ತು ವಿ ಲ್ಯಾಟಿನ್ನಿನಲ್ಲಿ ಒಂದೇ ಆಗಿದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಹ್ಯಾರೋವಿಯನ್. ವ ಬಂದ ದಾರಿ ಶಾ ಹೆಸರಿನದೇ, ಡಬ್ಲ್ಯು ಹೋಗಿ ವಿ. ಆದರೆ 2ನೇ ಹಂತದಲ್ಲಿ ಸರ್‌ನೇಮ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಹ್ಯಾರೋ ಈಗ ಲಂಡನ್ನಿಗೇ ಸೇರಿರುವ ಊರು, ಅಲ್ಲಿನ ಶಾಲೆಯಲ್ಲಿ ಓದಿದವರು ಹ್ಯಾರೋವಿಯನ್. 1905ರಿಂದ 1907ರವರೆಗೆ ಜವಾಹರಲಾಲ್ ನೆಹರೂ ಅಲ್ಲಿ ಓದಿದರು. ನೆಹರೂವಿಯನ್ ಪದಕ್ಕೆ ಹೆಸರು ಕೊಟ್ಟವರು ತಾವೇ ಒಬ್ಬ ಹ್ಯಾರೋವಿಯನ್.

ಮೂರನೆಯದು ಪಾವ್ಲೋವಿಯನ್. ಗಂಟೆ ಸದ್ದಿಗೆ ನಾಯಿ ಜೊಲ್ಲು ಸುರಿಸಿದ ಪ್ರಯೋಗದ ಪದ. ಇಷ್ಟೆಲ್ಲ ಓದಿದ ಮೇಲೆ ಲ್ಯಾಟಿನ್ ರೂಪ ಹುಡುಕಲು ಕೈ ತುರಿಸುತ್ತದೆ. ಬೇಡ. ರಷ್ಯಾದ ವಿಜ್ಞಾನಿಯ ಹೆಸರೇ ಪಾವ್ಲೋವ್. ಆ ವ ಮೊದಲಿಂದಲೂ ಅವರದೇ.